ಪರೀಕ್ಷೆಯ ನೀರು

ನಮ್ಮೂರಿನಲ್ಲಿ ಬುಧವಾರ ಯಾರೂ ಜಗಳ ಆಡುವುದಿಲ್ಲ. ಎಷ್ಟೇ ಕೋಪ ಬಂದರೂ ಗುರುವಾರಕ್ಕೆ ಇಟ್ಟುಕೊಳ್ಳುತ್ತಾರೆ. ಬುಧವಾರ ಗುಳ್ಳೆ ಉಬ್ಬುವ ದಿನ. ಬೆಳಿಗ್ಗೆ ಎಂಟಕ್ಕೆ ಯಾರದೋ ಮನೆಯಲ್ಲಿ ಗಾಜಿನ ತಟ್ಟೆಯ ಮೇಲೆ ಸಕ್ಕರೆ ನೀರು ಸುರಿದರೆಂದರೆ ಸಂಜೆ ಐದರವರೆಗೆ ಆ ತಟ್ಟೆ ಅಲುಗಬಾರದು. ಹಾಗಾಗಿ ಆ ದಿನ ಊರಲ್ಲಿ ರುಬ್ಬುವುದಿಲ್ಲ, ಕುಟ್ಟುವುದಿಲ್ಲ. ಸೊಪ್ಪಿನವಳು ಕೂಗದೆ ಬಾಗಿಲ ಮುಂದೆ ಬಂದು ನಿಲ್ಲುತ್ತಾಳೆ. ಶಾಲೆಯ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ, ಗಾಡಿಯವರು ಚಕ್ರಕ್ಕೆ ಗೋಣಿಚೀಲ ಸುತ್ತುತ್ತಾರೆ. ಗಂಡ ಹೆಂಡತಿ ಕಣ್ಣಲ್ಲೇ ಬೈದುಕೊಂಡು ಸುಮ್ಮನಾಗುತ್ತಾರೆ. ಗುರುವಾರ ಬೆಳಿಗ್ಗೆ ನೀವೇನಾದರೂ ಬಂದರೆ ಕಿವಿ ಮುಚ್ಚಿಕೊಳ್ಳಬೇಕು. ಆದರೆ ಅಷ್ಟರಲ್ಲಿ ಅರ್ಧ ಜನಕ್ಕೆ ಯಾಕೆ ಕೋಪ ಬಂದಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ನಮ್ಮಲ್ಲಿ ಗಲಾಟೆ ಜಾಸ್ತಿ, ಹಗೆ ಕಡಿಮೆ.

ಗುಳ್ಳೆ ಕಟ್ಟದೆ ಈ ಊರಲ್ಲಿ ಸ್ವಂತ ಬಾಗಿಲು ಸಿಗುವುದಿಲ್ಲ. ಇಲ್ಲೇ ಹುಟ್ಟಿದವರಾಗಲಿ, ನಿನ್ನೆ ಬಸ್ಸಿಳಿದವರಾಗಲಿ, ಒಂದು ಗುಳ್ಳೆ ಕಟ್ಟಿ ಅದು ಒಂಬತ್ತು ದಿನ ಬದುಕುವುದನ್ನು ತೋರಿಸಬೇಕು. ಅಲ್ಲಿಯವರೆಗೆ ಬೇರೆಯವರ ಮನೆಯಲ್ಲಿ ಇರಬೇಕು, ಬೇರೆಯವರ ಬಾಗಿಲಲ್ಲಿ ಹೋಗಿ ಬಂದು ಮಾಡಬೇಕು, ತಮ್ಮ ಹೆಸರಿನ ಬೋರ್ಡು ಹಾಕುವ ಹಾಗಿಲ್ಲ. ಒಟ್ಟು ಏಳು ಅವಕಾಶ. ಏಳನೆಯದೂ ಹೋಯಿತೆಂದರೆ ಹೆಸರು ‘ಒಳಗಿನವರ ಪುಟ’ಕ್ಕೆ ಸೇರುತ್ತದೆ. ಆಮೇಲೆ ಬದುಕಿರುವಷ್ಟು ಕಾಲ ಯಾರದೋ ಮನೆಯ ಒಳಗಿನವರು. ಊಟಕ್ಕಾಗಲಿ ಮರ್ಯಾದೆಗಾಗಲಿ ಕೊರತೆಯಿಲ್ಲ. ಬಾಗಿಲು ಮಾತ್ರ ಇಲ್ಲ.

ಕಟ್ಟುವುದು ಕೇಳಲು ಸುಲಭ. ಕೋಳಿಮೊಟ್ಟೆಯ ಹಳದಿಯನ್ನು ಸ್ಪಿರಿಟ್ಟಿನಲ್ಲಿ ಕದಡಿ ಸೋಸಿದರೆ ಅದರ ಕೊಬ್ಬು ಸಿಗುತ್ತದೆ. ಅದನ್ನು ಗಾಜಿನ ತಟ್ಟೆಯ ಮೇಲೆ ತೆಳ್ಳಗೆ ಸವರಿ ಗಾಳಿಗೆ ಒಣಗಿಸಬೇಕು. ಬ್ರೆಡ್ಡಿಗೆ ಹಾಕುವ ಹುದುಗನ್ನು ನುಣ್ಣಗೆ ಅರೆದು ಸೋಸಿ ತೆಗೆದ ಸತ್ವವನ್ನು ಸಕ್ಕರೆ ನೀರಿಗೆ ಬೆರೆಸಿ ಅದರ ಮೇಲೆ ಮೆಲ್ಲಗೆ ಸುರಿಯಬೇಕು. ಒಂದು ತಂಬಿಗೆ ನೀರಿಗೆ ಮೂರು ಮುಷ್ಟಿ ಸಕ್ಕರೆ. ಒಣಗಿದ ಕೊಬ್ಬು ನೀರು ಕುಡಿದು ಪದರ ಪದರವಾಗಿ ಏಳುತ್ತದೆ. ಪದರ ಬಾಗುತ್ತದೆ, ಉಬ್ಬುತ್ತದೆ, ತನ್ನನ್ನು ತಾನೇ ಮುಚ್ಚಿಕೊಂಡು ಪೊರೆಯಾಗುತ್ತದೆ. ಸಂಜೆಗೆ ತಟ್ಟೆಯ ತುಂಬ ಗುಳ್ಳೆಗಳು. ಸಾಸಿವೆಯಷ್ಟು, ಕಡಲೆಯಷ್ಟು, ಕೈ ಚೆನ್ನಾಗಿದ್ದರೆ ನೆಲ್ಲಿಕಾಯಿಯಷ್ಟು. ಒಳಗೆ ಸಿಕ್ಕಿಕೊಂಡ ಸತ್ವ ಕೆಲಸ ಶುರುಮಾಡಿದರೆ ಗುಳ್ಳೆ ತಿಳಿ ಹಸಿರಾಗಿ ಬೆಳಗುತ್ತದೆ. ಅದಕ್ಕೆ ಜೀವ ಇದೆಯೇ ಎಂದು ಹೊರಗಿನವರು ಕೇಳುತ್ತಾರೆ. ಮೇವು ಹಾಕಿದರೆ ತಿನ್ನುತ್ತದೆ, ಬೆಳಗುತ್ತದೆ, ಒಂದು ದಿನ ಸಾಯುತ್ತದೆ. ನಮ್ಮ ಬೀದಿಯಲ್ಲಿ ಇದಕ್ಕಿಂತ ಕಡಿಮೆ ಕೆಲಸ ಮಾಡುವವರಿದ್ದಾರೆ, ಅವರ ಬಗ್ಗೆ ಯಾರೂ ಈ ಪ್ರಶ್ನೆ ಎತ್ತಿಲ್ಲ.

ಕಟ್ಟಿದ ಗುಳ್ಳೆಯನ್ನು ಪರೀಕ್ಷೆ ಮಾಡುತ್ತಿದ್ದವಳು ನಾನು. ಹೆಸರು ನಂಜಾಂಬ, ವಯಸ್ಸು ಐವತ್ತೆಂಟು. ನನ್ನ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ಜಾಡಿ, ಅದರಲ್ಲಿ ಗ್ಲೂಕೋಸ್ ಪುಡಿ ಕರಗಿಸಿದ ನೀರು. ಗುಳ್ಳೆಯನ್ನು ಆ ನೀರಿಗೆ ಬಿಡಬೇಕು. ಒಳಗಿನ ಸಕ್ಕರೆಗೂ ಹೊರಗಿನ ಗ್ಲೂಕೋಸಿಗೂ ಸರಿಹೋದರೆ ಗುಳ್ಳೆ ದುಂಡಗೆ ಕೂತಿರುತ್ತದೆ. ಹೊರಗಿನ ನೀರು ಸಪ್ಪೆಯಾದರೆ ಅದು ಒಳಗೆ ನುಗ್ಗಿ ಗುಳ್ಳೆ ಒಡೆಯುತ್ತದೆ. ಹೊರಗಿನದು ಗಟ್ಟಿಯಾದರೆ ಒಳಗಿನ ನೀರು ಆಚೆ ಬಂದು ಗುಳ್ಳೆ ಸುಕ್ಕುಗಟ್ಟುತ್ತದೆ. ಗ್ಲೂಕೋಸನ್ನು ನಮ್ಮತ್ತೆ ಬಿಟ್ಟುಹೋದ ತಕ್ಕಡಿಯಲ್ಲೇ ತೂಗುತ್ತಿದ್ದೆ. ನೀರು ನಮ್ಮ ಬಾವಿಯದು. ಪರೀಕ್ಷೆಯ ನೀರು ಪರೀಕ್ಷೆಯ ಮನೆಯದೇ ಆಗಬೇಕು, ಗುಳ್ಳೆ ಕಟ್ಟುವವರು ಅದನ್ನು ಬಳಸಬಾರದು. ಬಳಸಿದರೆ ಪ್ರಶ್ನೆಪತ್ರಿಕೆ ಮೊದಲೇ ನೋಡಿಕೊಂಡ ಹಾಗೆ. ಇನ್ನೊಂದು ನಿಯಮ, ಪರೀಕ್ಷೆಯ ಮನೆಯವರಿಗೆ ಪರೀಕ್ಷೆ ಇಲ್ಲ. ಸೊಸೆಯಾಗಿ ಬಂದ ದಿನವೇ ನನಗೆ ಬಾಗಿಲು ಸಿಕ್ಕಿತು. ಅಂದರೆ ಮೂವತ್ತು ವರ್ಷ ಊರವರ ಗುಳ್ಳೆಗಳಿಗೆ ಹೆಸರಿಟ್ಟ ನಾನು ಒಂದು ಗುಳ್ಳೆಯನ್ನೂ ಕಟ್ಟಿದವಳಲ್ಲ. ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಹೋಗಲಿಲ್ಲ.

ಮೂರು ವರ್ಷದ ಹಿಂದೆ ಫಿಲೋಮಿನಾ ಬಂದಳು. ಹೊಲಿಗೆ ಯಂತ್ರ ರಿಪೇರಿ ಮಾಡುವವಳು, ನಲವತ್ತರ ಆಸುಪಾಸು. ಗಂಡ ಬೇರೊಂದು ಸಂಸಾರ ಹೂಡಿಕೊಂಡಾಗ ಇವಳು ಒಂದು ಹಳೆಯ ಯಂತ್ರವನ್ನೂ ಒಂದು ಚೀಲ ತಿರುಪುಮೊಳೆಗಳನ್ನೂ ಎತ್ತಿಕೊಂಡು ಬಸ್ಸು ಹತ್ತಿದ್ದಳಂತೆ. ಬಸ್ಸಿನ ಕೊನೆಯ ನಿಲ್ದಾಣ ನಮ್ಮೂರು. ಬಾಗಿಲು ಮಂಡಳಿಯ ಅಧ್ಯಕ್ಷ ಸೀತಾಪತಿ ಅವಳನ್ನು ಕರೆತಂದು, “ನಂಜಾಂಬಕ್ಕ, ನಿಮ್ಮನೇಲಿ ಜಾಗ ಇದ್ಯಲ್ಲ, ಒಂದ್ ನಾಲ್ಕು ತಿಂಗಳು ಇಟ್ಕೊಳ್ಳಿ” ಅಂದ. ನನ್ನ ಯಜಮಾನರು ಹೋಗಿ ಆರು ವರ್ಷವಾಗಿತ್ತು. ಮನೆಯಲ್ಲಿ ಎಲ್ಲ ದಿನವೂ ಬುಧವಾರವೇ. ಬೇಡ ಅನ್ನಲು ಬಾಯಿ ತೆಗೆದೆ, ಅಷ್ಟರಲ್ಲಿ ಅವಳು ಯಂತ್ರವನ್ನು ಒಳಗೆ ಇಟ್ಟಾಗಿತ್ತು.

ಮೊದಲ ದಿನದ ಊಟದಲ್ಲೇ, “ಅಕ್ಕ, ನಿಮ್ಮನೇಲಿ ಸಾರಿಗೆ ಉಪ್ಪೇ ಹಾಕೋದ್ ಬೇಡ ಕಣ್ರೀ” ಅಂದಳು. ನನ್ನ ಅಡುಗೆಗೆ ಹೆಸರಿಟ್ಟಳು ಎಂದು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಮೂರನೆಯ ದಿನ ನನ್ನ ಮಸಾಲೆ ಡಬ್ಬಿಯಲ್ಲಿ ಜೀರಿಗೆಯ ಪಕ್ಕ ದಾರ ಸುತ್ತುವ ನಾಲ್ಕು ಬಾಬಿನ್ ಸಿಕ್ಕವು. ಬೈದೆ. ಅವಳು ನಕ್ಕಳು. ಅವಳ ನಗು ಎಂಥದ್ದೆಂದರೆ, ಬೈದವರಿಗೆ ತಾವೇ ಏನೋ ತಮಾಷೆ ಮಾಡಿದೆವೇನೋ ಅನ್ನಿಸಬೇಕು. ಆಮೇಲೆ ಅದೇ ಅಭ್ಯಾಸವಾಯಿತು. ನಾಲ್ಕು ಗಂಟೆಗೆ ಇಬ್ಬರಿಗೂ ಕಾಫಿ, ಅವಳ ಕೈಗೆ ಅಂಟಿದ ಯಂತ್ರದ ಎಣ್ಣೆಯ ವಾಸನೆ, ಊರವರ ಸುದ್ದಿ. ಗುರುವಾರ ಬೆಳಿಗ್ಗೆ ಸರಿಯಾಗಿ ಒಂದು ಜಗಳ. ಅವಳಿಲ್ಲದೆ ನಾನು ಆರು ವರ್ಷ ಹೇಗೆ ಊಟ ಮಾಡಿದೆ ಅನ್ನುವುದೇ ನನಗೆ ಆಶ್ಚರ್ಯ.

ಆದರೆ ಅವಳಿಗೆ ಬೇಕಾದದ್ದು ಬಾಗಿಲು. “ಹುಟ್ಟಿದ್ದು ಸೋದರತ್ತೆ ಮನೇಲಿ, ಬೆಳೆದಿದ್ದು ಹಾಸ್ಟೆಲ್ಲಲ್ಲಿ, ಆಮೇಲೆ ಗಂಡನ ಮನೆ. ಈ ವಯಸ್ಸಿಗಾದ್ರೂ ನನ್ನ ಹೆಸರು ಒಂದ್ ಕಡೆ ಬರೆದಿರ್ಬೇಕು ಅಕ್ಕ, ಅಷ್ಟೇ” ಅನ್ನುತ್ತಿದ್ದಳು. ನಾಲ್ಕು ತಿಂಗಳಿಗೊಮ್ಮೆ ಒಂದು ಗುಳ್ಳೆ ಕಟ್ಟುತ್ತಿದ್ದಳು. ನನ್ನ ಮನೆಯಲ್ಲೇ ಇದ್ದರೂ ನನ್ನ ಬಾವಿಯ ನೀರು ಮುಟ್ಟುತ್ತಿರಲಿಲ್ಲ, ಕೆರೆಬೀದಿಯ ನಲ್ಲಿಯಿಂದ ಹೊತ್ತು ತರುತ್ತಿದ್ದಳು. ಅವಳ ಗುಳ್ಳೆಗಳೋ, ಏನು ಚೆಲುವು! ಪೊರೆಯಲ್ಲಿ ಒಂದು ಗೆರೆ ಇಲ್ಲ. ಜಾಡಿಗೆ ಬಿಟ್ಟ ನಾಲ್ಕನೆಯದೋ ಐದನೆಯದೋ ದಿನಕ್ಕೆ ಸುಕ್ಕುಗಟ್ಟಿ, ಬೆಳಕು ಕಂದಿ, ಒಂಬತ್ತರ ಹೊತ್ತಿಗೆ ಒಣದ್ರಾಕ್ಷಿ. ಹೀಗೆ ಆರು ಸಲ. ಪ್ರತಿ ಸಲವೂ ಅವಳು ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು, “ಈ ಕೈಗೆ ಕಬ್ಬಿಣ ಒಲಿಯುತ್ತೆ, ಮೊಟ್ಟೆ ಒಲಿಯಲ್ಲ” ಅನ್ನುವಳು. ನಾನು ಗಂಭೀರವಾಗಿ, “ಇನ್ನೂ ಸ್ವಲ್ಪ ತೆಳ್ಳಗೆ ಸವರು” ಎಂದು ಬುದ್ಧಿ ಹೇಳುವೆ.

ಏಳನೆಯ ಗುಳ್ಳೆ ಜಾಡಿಗಿಳಿದ ಆರನೆಯ ದಿನ, ಮಂಗಳವಾರ ಮಧ್ಯಾಹ್ನ, ಬಗ್ಗಿ ನೋಡಿದೆ. ಮೇಲ್ಭಾಗದಲ್ಲಿ ಗುಳಿ ಬಿದ್ದಿತ್ತು, ಪಕ್ಕದಲ್ಲಿ ಎರಡು ಸುಕ್ಕು. ಇನ್ನು ಮೂರು ದಿನ ತಡೆಯುವ ಗುಳ್ಳೆ ಅದಲ್ಲ. ಅವಳ ಹೆಸರನ್ನು ಒಳಗಿನವರ ಪುಟದಲ್ಲಿ ಬರೆಯಬೇಕಾಗುತ್ತದಲ್ಲ, ಜಾಗ ಇದೆಯೋ ಇಲ್ಲವೋ ನೋಡೋಣವೆಂದು ಅಂಗೈ ಪುಸ್ತಕ ತೆಗೆದೆ. ಗೆದ್ದವರು ಅದರಲ್ಲಿ ಸಹಿ ಹಾಕುವುದಿಲ್ಲ, ಅಂಗೈಗೆ ಮಸಿ ಬಳಿದು ಅಚ್ಚು ಒತ್ತುತ್ತಾರೆ. ಒಳಗಿನವರ ಪುಟ ಕೊನೆಯಲ್ಲಿದೆ. ಅಲ್ಲಿಂದ ಹಿಂದಕ್ಕೆ ಹಾಳೆ ತಿರುವುತ್ತ ಬಂದೆ. ಕಳೆದ ನಾಲ್ಕು ವರ್ಷದಲ್ಲಿ ಗೆದ್ದವರು ಒಂಬತ್ತು ಜನ. ಬೇಕರಿಯ ದಾದಾಪೀರ್, ಕಲ್ಲು ಒಡೆಯುವ ಬೋರಣ್ಣ, ಸೂಲಗಿತ್ತಿ ಹೊಂಬಾಳಮ್ಮ, ಇನ್ನೂ ಆರು ಜನ. ಒಂಬತ್ತೂ ಕೈಗಳು ಮೊರದಷ್ಟು ಅಗಲ. ಕೆಲವರ ಬೆರಳು ಹಾಳೆಯ ಆಚೆಗೆ ಹೋಗಿತ್ತು. ಅದಕ್ಕೂ ಹಿಂದಿನ ಪುಟಗಳಲ್ಲಿ ಎಲ್ಲ ತರಹದ ಕೈಗಳು. ಸಣ್ಣವು, ಉದ್ದವು, ಹೂ ಕಟ್ಟುವವರ ಕಡ್ಡಿಯಂಥ ಬೆರಳುಗಳು.

ಮೂರು ಮುಷ್ಟಿ ಸಕ್ಕರೆ. ದಾದಾಪೀರನ ಮುಷ್ಟಿಯೇ ಬೇರೆ, ಯಂತ್ರದ ಹೊಟ್ಟೆಯೊಳಗೆ ಕೈ ತೂರಿಸಿ ಅಕ್ಕಿಕಾಳಿನಷ್ಟು ತಿರುಪು ಹೊರತೆಗೆಯುವ ಫಿಲೋಮಿನಾಳ ಮುಷ್ಟಿಯೇ ಬೇರೆ. ಪೊರೆಗೆ ಅಷ್ಟಿಷ್ಟು ಹೆಚ್ಚುಕಡಿಮೆ ತಾಳಿಕೊಳ್ಳುವ ಗುಣ ಇದೆ, ಅದಕ್ಕೇ ಹಿಂದೆ ಎಲ್ಲರ ಕೈಯೂ ನಡೆಯುತ್ತಿತ್ತು. ಈಗ ದೊಡ್ಡ ಕೈ ಮಾತ್ರ ನಡೆಯುತ್ತಿದೆ ಎಂದರೆ ಜಾಡಿಯ ನೀರು ಮೊದಲಿಗಿಂತ ಗಟ್ಟಿಯಾಗಿದೆ ಎಂದು ಅರ್ಥ. ಗ್ಲೂಕೋಸಿನ ತೂಕ ಬದಲಾಗಿಲ್ಲ. ಉಳಿದದ್ದು ನೀರು. ನಾಲ್ಕು ವರ್ಷದ ಹಿಂದೆ ಬಾವಿ ಬತ್ತಿತೆಂದು ನಾನೇ ನಿಂತು ಇನ್ನೂ ಹನ್ನೆರಡು ಅಡಿ ಅಗೆಸಿದ್ದೆ. ಎದ್ದು ಒಂದು ಪಾತ್ರೆಯಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಫಿಲೋಮಿನಾ ತಂದಿಟ್ಟಿದ್ದ ಕೆರೆಬೀದಿಯ ನೀರು ಒಲೆಗೇರಿಸಿ ಇಂಗುವವರೆಗೂ ಕಾಯಿಸಿದೆ. ಕೆರೆಬೀದಿಯ ಪಾತ್ರೆಯಲ್ಲಿ ಒಂದು ತೆಳು ಕಲೆ. ನನ್ನ ಪಾತ್ರೆಯ ತಳದಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟೆ. ಉಪ್ಪು. ನಾಲ್ಕು ವರ್ಷದಿಂದ ಅದನ್ನೇ ಕುಡಿದು ಕುಡಿದು ನನ್ನ ನಾಲಿಗೆಗೆ ಗೊತ್ತಾಗುವುದೇ ನಿಂತಿತ್ತು.

ಈಗ ಒಂದು ವಿಷಯ ಹೇಳಲೇಬೇಕು. ಇಷ್ಟು ತಿಳಿದ ಮೇಲೆ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ನೆಮ್ಮದಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಶುಕ್ರವಾರ ಆ ಗುಳ್ಳೆ ಒಣಗುತ್ತದೆ, ಫಿಲೋಮಿನಾ ನನ್ನ ಮನೆಯ ಒಳಗಿನವಳಾಗುತ್ತಾಳೆ, ನಾನು ಸಾಯುವವರೆಗೂ ನಾಲ್ಕು ಗಂಟೆಗೆ ಎರಡು ಲೋಟ ಕಾಫಿ. ಯಾರಿಗೂ ಮೋಸ ಮಾಡಿದ ಹಾಗೂ ಅಲ್ಲ, ನಿಯಮದ ಪ್ರಕಾರವೇ ನಡೆದದ್ದು. ಪಾತ್ರೆ ಉಜ್ಜಿ ತೊಳೆದು ಬೋರಲು ಹಾಕಿದೆ. ಸಂಜೆ ಅವಳು ಬಂದಾಗ ಎಂದಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸಿದೆ. ಎರಡು ಸಲ ತುಪ್ಪ ಬಡಿಸಿದೆ. ಅವಳು ನನ್ನ ಮುಖವನ್ನೇ ನೋಡಿ, “ಏನಕ್ಕ, ಸುಕ್ಕಾಯ್ತಾ?” ಅಂದಳು. ಪರೀಕ್ಷೆಯ ನಡುವೆ ಹೇಳುವ ಹಾಗಿಲ್ಲ. ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದೆ. “ಬಿಡಿ. ನೀವ್ಯಾಕ್ ಬೇಜಾರ್ ಮಾಡ್ಕೋತೀರಿ? ನಿಮ್ ತಪ್ಪೇನಿದೆ ಇದ್ರಲ್ಲಿ” ಎಂದು ಅವಳೇ ನನ್ನ ಬೆನ್ನು ಸವರಿದಳು.

ಮರುದಿನ ಬುಧವಾರ. ಹೇಳಿಬಿಡೋಣ ಎಂದರೂ ಹೇಳುವ ಹಾಗಿಲ್ಲ. ಹೇಳಿದರೆ ಮಾತು ಬೆಳೆಯುತ್ತದೆ, ದನಿ ಏರುತ್ತದೆ, ಪಕ್ಕದ ಮನೆಯಲ್ಲಿ ಯಾರದೋ ತಟ್ಟೆ ಅಲುಗುತ್ತದೆ. ಅಷ್ಟು ಉದ್ದದ ದಿನವನ್ನು ನಾನು ಬೇರೆ ಕಂಡಿಲ್ಲ. ಫಿಲೋಮಿನಾ ಹಗಲೆಲ್ಲ ನನ್ನ ಎದುರಿಗೇ ಕೂತು, ಸದ್ದಾಗದ ಕೆಲಸವೆಂದು ಬಟ್ಟೆಯ ಚೂರಿನಲ್ಲಿ ಸೂಜಿಗಳ ತುಕ್ಕು ಒರೆಸುತ್ತಿದ್ದಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಸಾಲಾಗಿ ಚುಚ್ಚಿಡುತ್ತಿದ್ದಳು. ಅಷ್ಟು ಸಣ್ಣ ಕೈಗಳು. ಆ ಕೈಗಳನ್ನು ಅವಳು ಆರು ಸಲ ಬೈದಿದ್ದಳು, ಆರು ಸಲವೂ ನಾನು ಎದುರಿಗೆ ನಿಂತು ಹೌದೆನ್ನುವಂತೆ ತಲೆಯಾಡಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ನೆಮ್ಮದಿಯೆಲ್ಲ ಇಳಿದುಹೋಯಿತು. ಕೂಗಿ ಅತ್ತುಬಿಡಬೇಕು ಅನ್ನಿಸಿತು. ಅದನ್ನೂ ಗುರುವಾರಕ್ಕೆ ಇಟ್ಟುಕೊಂಡೆ.

ಗುರುವಾರ ಬೆಳಿಗ್ಗೆ ಆರು ಗಂಟೆಗೇ ಎಬ್ಬಿಸಿ ಎಲ್ಲ ಹೇಳಿದೆ. ಅಂಗೈ ಪುಸ್ತಕ ತೋರಿಸಿದೆ, ಬಾವಿಯ ಕಥೆ ಹೇಳಿದೆ. ಅವಳು ಹಾಸಿಗೆಯ ಮೇಲೆ ಕೂತು ಕೇಳಿದಳು. ನಗಲಿಲ್ಲ.

“ಆರು ಸಲ ಅಕ್ಕ,” ಅಂದಳು. “ಆರು ಸಲ ನನ್ನ ಕೈ ನಾನೇ ಬೈಕೊಂಡಿದೀನಿ. ತೆಳ್ಳಗೆ ಸವರು ಅಂತ ನೀವು ಬೇರೆ.”

“ಹೌದು.”

“ಇದು ಯಾವಾಗ ಗೊತ್ತಾಯ್ತು ನಿಮಗೆ?”

‘ಈಗತಾನೇ’ ಅಂದುಬಿಡಬಹುದಿತ್ತು, ಆದರೆ ನಿಜವನ್ನೇ ಹೇಳಿದೆ. “ಮೊನ್ನೆ ಮಧ್ಯಾಹ್ನ. ಹೇಳೋದೇ ಬೇಡ ಅನ್ಕೊಂಡಿದ್ದೆ.”

“ಯಾಕೆ? ಮಂಡಳಿಯೋರು ಬೈತಾರೆ ಅಂತಾನಾ?”

“ಮಂಡಳಿಗೆ ಯಾರು ಹೆದರ್ತಾರೆ! ಬಾಗಿಲು ಸಿಕ್ರೆ ನೀನು ಹೋಗ್ತೀಯಲ್ಲ, ಅದಕ್ಕೆ.” ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅವಳು ಹೊದಿಕೆ ಮಡಚಿ ಪಕ್ಕಕ್ಕಿಟ್ಟಳು. “ಹೋಗೇ ಹೋಗ್ತೀನಿ ಅಕ್ಕ. ಅದಕ್ಕೆ ತಾನೆ ಏಳು ಸಲ ಕಟ್ಟಿದ್ದು? ಹೋಗಲ್ಲ ಅಂತ ಸುಳ್ಳು ಹೇಳ್ಲಾ?” ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. “ಅಳೋದು ಆಮೇಲಿರ್ಲಿ. ಗುಳ್ಳೆ ಇನ್ನೂ ಉಸಿರು ಹಿಡ್ಕೊಂಡಿದ್ಯಾ, ಅದ್ ಹೇಳಿ ಮೊದ್ಲು.”

ಹಿಡಿದುಕೊಂಡಿತ್ತು, ಹಾಗೂ ಹೀಗೂ. ಬೆಳಕು ಇದೆಯೋ ಇಲ್ಲವೋ ಅನ್ನುವಷ್ಟು. ಎಂಟು ಗಂಟೆಗೆ ಸೀತಾಪತಿಯನ್ನೂ ಮಂಡಳಿಯ ಇನ್ನಿಬ್ಬರನ್ನೂ ಕರೆಸಿದೆ. ಅವರೆದುರು ಇನ್ನೊಮ್ಮೆ ಎರಡು ಪಾತ್ರೆ ನೀರು ಇಂಗಿಸಿ ತೋರಿಸಿದೆ. ಸೀತಾಪತಿ ನೆಕ್ಕಿ ನೋಡಿ ಮುಖ ಹಿಂಡಿದ. ಆಮೇಲೆ ತಲೆ ಕೆರೆದುಕೊಂಡು, “ಸರಿ, ಮುಂದಿನ ಸಲದಿಂದ ಬೇರೆ ನೀರು ಮಾಡೋಣ. ಈ ಗುಳ್ಳೇನ ಒಂಬತ್ತು ದಿನ ಯಾರೂ ಮುಟ್ಟೋ ಹಾಗಿಲ್ವಲ್ಲ, ನಿಯಮ ನಿಯಮಾನೇ” ಅಂದ.

“ಗುಳ್ಳೆ ಮುಟ್ಟಬಾರ್ದು ಅಂತಿದೆ. ನೀರು ಮುಟ್ಟಬಾರ್ದು ಅಂತ ಎಲ್ಲಿದೆ, ತೋರ್ಸು” ಅಂದೆ.

ಸೀತಾಪತಿ ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ. ಕೊನೆಯಿಂದ ಮೊದಲವರೆಗೂ ಒಂದು ಸಲ ತಿರುವಿದ. ಎಲ್ಲಿಯೂ ಇರಲಿಲ್ಲ, ನೀರು ಪರೀಕ್ಷೆಯ ಮನೆಯದೇ ಆಗಬೇಕೆನ್ನುವುದೂ ಬಾಯಿಮಾತಿನ ರೂಢಿ ಅಷ್ಟೇ. ಅವನಿಗೂ ಒಳಗೊಳಗೇ ಖುಷಿಯಾಗಿತ್ತೆಂದು ಕಾಣುತ್ತದೆ, ಕುರ್ಚಿ ಎಳೆದುಕೊಂಡು ಜಾಡಿಯ ಪಕ್ಕದಲ್ಲೇ ಕೂತ.

ಕೆರೆಬೀದಿಯ ನೀರಿಗೆ ತೂಕದ ಪ್ರಕಾರ ಗ್ಲೂಕೋಸ್ ಕರಗಿಸಿದೆ. ಒಮ್ಮೆಲೇ ಸುರಿದರೆ ನೀರು ಒಳನುಗ್ಗಿ ಗುಳ್ಳೆ ಸಿಡಿದುಹೋಗುತ್ತದೆ. ಜಾಡಿಯಿಂದ ಒಂದು ಚಮಚ ಹಳೆಯ ನೀರು ತೆಗೆದು, ಹೊಸದನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಮಾಡಬೇಕಾದವಳು ನಾನೇ, ಕಟ್ಟಿದವರು ಜಾಡಿಯ ಹತ್ತಿರ ಬರುವ ಹಾಗಿಲ್ಲ. ಮೊದಲ ಚಮಚಕ್ಕೇ ನನ್ನ ಕೈ ಗಡಗಡ ನಡುಗಿ ಅರ್ಧ ಚಮಚ ಒಟ್ಟಿಗೇ ಬಿತ್ತು. ಗುಳ್ಳೆ ಒಂದು ಸಲ ಅದುರಿತು. ಬಾಗಿಲಲ್ಲಿ ನಿಂತಿದ್ದ ಫಿಲೋಮಿನಾ ಒಳಗೆ ಹೋಗಿ, ಯಂತ್ರಕ್ಕೆ ಎಣ್ಣೆ ಬಿಡುವ ಮೂತಿ ಡಬ್ಬಿಯನ್ನು ತಂದು ಹೊಸಿಲ ಮೇಲಿಟ್ಟಳು. “ಹೊಸದು ಅಕ್ಕ, ಎಣ್ಣೆ ಹಾಕಿಲ್ಲ ಇನ್ನೂ. ಹೆಬ್ಬೆರಳಲ್ಲಿ ತಳ ಒತ್ತಿ, ಒಂದ್ ಸಲ ಒತ್ತಿದ್ರೆ ಒಂದ್ ಹನಿ. ನೀವು ನಡುಗಿದ್ರೂ ಅದು ನಡುಗಲ್ಲ.”

ಬೆಳಿಗ್ಗೆ ಒಂಬತ್ತೂವರೆಗೆ ಶುರುಮಾಡಿದ್ದು. ಟಕ್, ಒಂದು ಹನಿ. ಟಕ್, ಇನ್ನೊಂದು. ಹೊರಗೆ ಗುರುವಾರದ ಗಲಾಟೆ ಭರ್ತಿಯಾಗಿ ನಡೆದಿತ್ತು, ಯಾರೋ ಯಾರದೋ ಕೋಳಿಯ ವಿಷಯಕ್ಕೆ ಬೀದಿ ತುಂಬ ಕೂಗಾಡುತ್ತಿದ್ದರು. ನಮ್ಮ ನಡುಕೋಣೆಯಲ್ಲಿ ಮಾತ್ರ ಉಸಿರಿನ ಸದ್ದು. ಮಧ್ಯಾಹ್ನ ಊಟಕ್ಕೂ ಯಾರೂ ಏಳಲಿಲ್ಲ. ಎರಡು ಗಂಟೆಗೆ ಪಕ್ಕದ ಸುಕ್ಕೊಂದು ಬಿಟ್ಟುಕೊಂಡಿತು. ಮೂರಕ್ಕೆ ಮೇಲಿನ ಗುಳಿ ಮೆಲ್ಲಗೆ ತುಂಬಿತು. ನಾಲ್ಕಕ್ಕೆ ಗುಳ್ಳೆ ಒಮ್ಮೆ ಹೊರಳಿ ದುಂಡಗೆ ಕೂತಿತು, ಒಳಗೆ ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಹಸಿರು ಹರಡಿಕೊಳ್ಳತೊಡಗಿತು. ಸೀತಾಪತಿ ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದ. ಫಿಲೋಮಿನಾ ಹೊಸಿಲಿನ ಆಚೆ ಕುಕ್ಕರಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಸಂತೋಷವಾಯಿತು. ಹೋಗುತ್ತಾಳೆ ಎಂದು ತಿಳಿದೂ ಆಯಿತು, ಅದಕ್ಕೆ ನನಗೇ ಆಶ್ಚರ್ಯ.

ಶುಕ್ರವಾರ ಅವಳು ಗೆದ್ದಳು.

ಆಮೇಲಿನ ವಾರ ನಾನು ಮನೆ ಮನೆ ಸುತ್ತಿದೆ. ನನ್ನ ಬಾವಿಯಿಂದ ಸೋತವರು ಅವಳನ್ನು ಬಿಟ್ಟು ಹನ್ನೊಂದು ಜನ ಇದ್ದರು, ಎಲ್ಲರಿಗೂ ಹೇಳಬೇಕಲ್ಲ. ಕೆಲವರು ನಕ್ಕರು. ಹೂ ಕಟ್ಟುವ ಅಕ್ಕತಂಗಿಯರು, “ನಮಗೆ ಈ ಮನೇಲೇ ಚೆನ್ನಾಗಿದೆ, ಈಗೆಲ್ಲಿ ಬಾಗಿಲು ಹುಡುಕ್ಕೊಂಡು ಹೋಗೋದು” ಎಂದು ಕಾಫಿ ಕೊಟ್ಟು ಕಳಿಸಿದರು. ಪುಸ್ತಕಕ್ಕೆ ರಟ್ಟು ಕಟ್ಟುವ ಮಲಿಯಪ್ಪ ಮಾತ್ರ ಏಳೂ ಸಲ ಸೋತು ಒಳಗಿನವರ ಪುಟ ಸೇರಿದ್ದವನು, ಭಾವನ ಮನೆಯಲ್ಲಿದ್ದ. ಅವನು ಕೂರು ಅನ್ನಲಿಲ್ಲ. “ಒಂದೂವರೆ ವರ್ಷ ನಂಜಾಂಬಕ್ಕ. ಹೋಗೋವಾಗ ಹೇಳಿ ಹೋಗು, ಬರೋವಾಗ ಹೇಳಿ ಬಾ. ಈ ಮನೇಲಿ ನಾನು ಕೆಮ್ಮೋಕೂ ಹಿಂದೆಮುಂದೆ ನೋಡಿದೀನಿ. ತಪ್ಪಾಯ್ತು ಅಂದ್ರೆ ಅದು ವಾಪಸ್ ಬರುತ್ತಾ?” ಅಂದ. ಬರುವುದಿಲ್ಲ ಅಂದೆ. ಅವನು ಬೈಯುವಷ್ಟೂ ಬೈದ, ನಾನು ನಿಂತು ಕೇಳಿಸಿಕೊಂಡೆ. ಅವನ ಏಳೂ ಸೋಲುಗಳನ್ನು ಮಂಡಳಿ ಹೊಡೆದುಹಾಕಿತು. ಈಚೆಗೆ ಹೊಸದಾಗಿ ಕಟ್ಟಿ ಗೆದ್ದು, ಊರಲ್ಲೇ ಅತಿ ಎತ್ತರದ ಬಾಗಿಲು ಇಡಿಸಿಕೊಂಡಿದ್ದಾನೆ. ನನ್ನನ್ನು ಕಂಡರೆ ಇನ್ನೂ ಪೂರ್ತಿ ನಗುವುದಿಲ್ಲ, ತುಟಿ ಒಂದು ಕಡೆಗೆ ಎಳೆಯುತ್ತಾನೆ. ಅಷ್ಟಾದರೂ ಆಯಿತಲ್ಲ.

ಫಿಲೋಮಿನಾ ಕೆರೆಬೀದಿಯಲ್ಲಿ ಬಾಗಿಲು ತೆಗೆದುಕೊಂಡಳು. ನೀಲಿ ಬೋರ್ಡು, ಬಿಳಿ ಅಕ್ಷರ: ‘ಫಿಲೋಮಿನಾ, ಹೊಲಿಗೆ ಯಂತ್ರ ರಿಪೇರಿ.’ ಸಾಮಾನು ಸಾಗಿಸಿದ ದಿನ ನಾನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಪರೀಕ್ಷೆಯ ಕೆಲಸ ಬಿಡುತ್ತೇನೆಂದು ಮಂಡಳಿಗೆ ಹೇಳಿದೆ. ನೀರು ಕೆಟ್ಟದ್ದು ನಾಲ್ಕು ವರ್ಷ ಗೊತ್ತಾಗದವಳು ಇನ್ನೇನು ಪರೀಕ್ಷೆ ಮಾಡಿಯಾಳು? ಮುಷ್ಟಿ ಬಿಟ್ಟು ತಕ್ಕಡಿಯಲ್ಲಿ ಸಕ್ಕರೆ ತೂಗಿಸಿ ಎಂದೂ ಹೇಳಿದೆ. ಮುಷ್ಟಿ ಹಿರಿಯರು ಮಾಡಿದ್ದು ಎಂದು ಸೀತಾಪತಿ ಒಪ್ಪಲಿಲ್ಲ. ಆದರೆ ಗುಳ್ಳೆ ಸಾಯುವ ಬಗೆಗಳೆಲ್ಲ ಫಿಲೋಮಿನಾಳಿಗೆ ಗೊತ್ತಿವೆ, ಕೆರೆಬೀದಿಯ ನೀರೂ ಒಳ್ಳೆಯದು ಎಂದು ಜಾಡಿಯನ್ನು ಅವಳ ಮನೆಗೆ ಕಳಿಸಿದ. ಕಳಿಸಿ, ನನ್ನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ.

“ನಂಜಾಂಬಕ್ಕ, ಪರೀಕ್ಷೆ ಮನೆಯೋರಿಗೆ ಪರೀಕ್ಷೆ ಇಲ್ಲ ಅಂತಿದೆ. ಈಗ ನಿಮ್ದು ಪರೀಕ್ಷೆ ಮನೆ ಅಲ್ವಲ್ಲ.”

ಅವನ ತಲೆಯ ಮೇಲೆ ಏನಾದರೂ ಎತ್ತಿ ಹಾಕೋಣ ಅನ್ನಿಸಿತು. ಅಂದು ಬುಧವಾರವಾಗಿತ್ತು, ಸುಮ್ಮನಾದೆ. ಮರುದಿನ ಯೋಚಿಸಿ ನೋಡಿದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಫಲಿತಾಂಶ ಬರುವವರೆಗೆ ಇದ್ದ ಮನೆಯಲ್ಲೇ ಇರಲು ಮಂಡಳಿ ಬಿಟ್ಟಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಮೊಟ್ಟೆ ಒಡೆಯಲು ಕೂತೆ. ಊರೆಲ್ಲ ಬಾಗಿಲ ಸಂದಿಯಲ್ಲಿ ಇಣುಕುವವರೇ. ಮೊದಲ ಬುಧವಾರ ತಟ್ಟೆಯ ಪಕ್ಕದಲ್ಲೇ ಸೀನಿದೆ, ಸಂಜೆಗೆ ಬರೀ ನೊರೆ. ಎರಡನೆಯ ಬುಧವಾರ ಕೊಬ್ಬನ್ನು ದಪ್ಪಗೆ ಸವರಿ ಬೆಣ್ಣೆಯಂಥ ಮುದ್ದೆಯಾಯಿತು. ಜಾಡಿಗಿಳಿಯದವು ಏಳರ ಲೆಕ್ಕಕ್ಕೆ ಬರುವುದಿಲ್ಲ. ಮೂವತ್ತು ವರ್ಷ ಇನ್ನೊಬ್ಬರಿಗೆ ನಾನು ಹೇಳಿದ ಬುದ್ಧಿಮಾತುಗಳನ್ನೆಲ್ಲ ಬೀದಿಯವರು ಒಂದೊಂದಾಗಿ ನನಗೇ ತಿರುಗಿ ಹೇಳಿದರು. ಮೂರನೆಯ ಬುಧವಾರ ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ ಒಂದು ಕೆಟ್ಟ ಯೋಚನೆ ಬಂತು. ಬೆರಳು ಸ್ವಲ್ಪ ಸಡಿಲ ಬಿಟ್ಟರೆ ಗುಳ್ಳೆ ಸುಕ್ಕುಗಟ್ಟುತ್ತದೆ. ಏಳು ಸಲ ಸೋತರೆ ನಾನು ಯಾರದಾದರೂ ಮನೆಯ ಒಳಗಿನವಳಾಗಬೇಕು. ಯಾರ ಮನೆ ಎಂದು ಕೇಳಿದರೆ ಕೆರೆಬೀದಿಯದು ಅನ್ನಬಹುದು. ಡಬ್ಬಿಯಲ್ಲಿ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಕೊನೆಗೆ ನನಗೇ ನಾಚಿಕೆಯಾಗಿ ಮೂರು ಮುಷ್ಟಿಯನ್ನೂ ಬಿಗಿಯಾಗಿ ಹಿಡಿದು ಹಾಕಿದೆ.

ಸಂಜೆ ತಟ್ಟೆಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡದೊಂದು ಇತ್ತು. ಬಟ್ಟಲಲ್ಲಿ ಎತ್ತಿಕೊಂಡು ಕೆರೆಬೀದಿಗೆ ಹೋದೆ. ಫಿಲೋಮಿನಾ ನನ್ನ ಹಳೆಯ ಅಂಗೈ ಪುಸ್ತಕವನ್ನು ಮುಂದಿಟ್ಟುಕೊಂಡು, ಕಣ್ಣು ಮೇಲೆತ್ತದೆ, “ಹೆಸರು?” ಅಂದಳು.

“ನಂಜಾಂಬ.”

“ಎಷ್ಟನೇ ಸಲ?”

“ಮೊದಲ್ನೇ ಸಲ” ಅಂದೆ. ಹೇಳುವಾಗ ಹದಿನಾರರ ಹುಡುಗಿಯ ಹಾಗೆ ಮೈ ಬೆವರಿತ್ತು.

ಒಂಬತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಆ ಬೀದಿಯ ಕಡೆ ತಲೆ ಹಾಕಲಿಲ್ಲ, ಹಾಕಿದರೆ ಮುಖ ನೋಡಿ ಫಲಿತಾಂಶ ಊಹಿಸಲು ಬಂದಳು ಅನ್ನುತ್ತಾರೆ. ಒಂಬತ್ತನೆಯ ದಿನ ಮಧ್ಯಾಹ್ನ ಹೇಳಿಕಳಿಸಿದಳು. ಹೋದೆ. ಜಾಡಿಯ ತಳದಲ್ಲಿ ನನ್ನ ಗುಳ್ಳೆ ದುಂಡಗೆ ಕೂತು ಹಸಿರಾಗಿ ಬೆಳಗುತ್ತಿತ್ತು. ನನ್ನ ಕೈಯಿಂದ ಆದದ್ದು. ಬಗ್ಗಿ ಬಗ್ಗಿ ನೋಡಿದೆ, ಎಷ್ಟು ನೋಡಿದರೂ ಸಾಲದು.

“ಗೆದ್ರಿ ಅಕ್ಕ. ಇನ್ಮೇಲೆ ನಿಮ್ ಬಾಗಿಲು ನಿಮ್ದೇ,” ಅಂದವಳು ನನ್ನ ಮುಖ ನೋಡಿ ನಿಂತಳು. “ಯಾಕೆ? ಖುಷಿ ಆಗ್ಲಿಲ್ವಾ?”

“ಆಯ್ತು ಕಣೇ. ಸೋತಿದ್ರೆ ಇಲ್ಲೇ ಒಂದ್ ಮೂಲೇಲಿ ಇರಬಹುದಿತ್ತು ಅಂತ ಇತ್ತು ಮನಸಲ್ಲಿ.”

ಅವಳು ಆ ತನ್ನ ನಗು ನಕ್ಕಳು. ಒಳಗೆ ಎರಡು ತಟ್ಟೆ ಹಾಕಿ, ಅನ್ನದ ಪಾತ್ರೆ ಆಗಲೇ ಇಟ್ಟಾಗಿತ್ತು.

“ಸೋತೋರಿಗೆ ಮಾತ್ರ ಊಟ ಅಂತ ಯಾವ ಪುಸ್ತಕದಲ್ಲಿ ಬರ್ದಿದೆ? ಕೈ ತೊಳ್ಕೊಂಡ್ ಬನ್ನಿ.”